ಹೊಸಿಲಾಚೆಯ ಮೀನು

ಆದಿನಾರಾಯಣನ ಅಂಗಿ, ಚಪ್ಪಲಿ ಮನೆಗೆ ಬಂದ ಹೊತ್ತಿನಲ್ಲಿ ಅವನ ತಾಯಿ ಅಮ್ಮಾಜಮ್ಮ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು. ತಂದವನು ಮದರಾಸಿನ ರಾಯಪುರದ ಒಬ್ಬ ಮುದುಕ, ಕಡಲಿನ ಬೆಸ್ತ. ಒಳಗೆ ಬಾ ಎಂದರೂ ಬರದೆ ಜಗಲಿಯ ಅಂಚಿನಲ್ಲಿ ಕೂತ. ಕಾಗದದಲ್ಲಿ ಸುತ್ತಿದ ಗಂಟನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಮಾತಾಡಿದ. ಆಡಿದ್ದೆಲ್ಲ ತಮಿಳು. ಅಮ್ಮಾಜಮ್ಮನ ಗಂಡ ಕೋದಂಡಪ್ಪನಿಗೆ ಪೂರ್ತಿ ಅರ್ಥವಾಯಿತು. ಅವಳಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು.

ಕಡಲೊಳಗೆ ಒಂದು ಸಲ ಹೋಗಿ ನೋಡಬೇಕು ಎಂದು ನಿಮ್ಮ ಮಗನೇ ಕೇಳಿದ ಎಂದು ಮುದುಕ ಹೇಳಿದ. ಕಟ್ಟುಮರದಲ್ಲಿ ಮೂವರು ಹೋದರು. ಹೋಗುವಾಗ ನೀರು ನೆಲದ ಹಾಗೆ ಇತ್ತು. ಆಮೇಲೆ ಗಾಳಿ ಎದ್ದಿತು. ಒಬ್ಬ ಈಜಿಕೊಂಡು ಬಂದ. ಇನ್ನಿಬ್ಬರು ಬರಲಿಲ್ಲ. ಐದು ದಿನ ದಡದಲ್ಲಿ ಕಾದೆವು, ದಡಕ್ಕೆ ಏನೂ ಬರಲಿಲ್ಲ. ಬಾರದ ಇನ್ನೊಬ್ಬ ಆ ಮುದುಕನ ತಮ್ಮನ ಮಗ.

ಅಮ್ಮಾಜಮ್ಮ ಒಳಗೆ ಬಂದಳು. ಮುದ್ದೆ ತಳ ಹಿಡಿದಿತ್ತು. ಅದನ್ನು ಇಳಿಸಿ, ಕೈ ಒದ್ದೆ ಮಾಡಿಕೊಂಡು, ಕಟ್ಟಿ, ತಟ್ಟೆಗೆ ಹಾಕಿ, ಹುರುಳಿಸಾರು ಬಿಟ್ಟು ಮುದುಕನ ಮುಂದೆ ಇಟ್ಟಳು. ಬೇಡವೆಂದವನು ಆಮೇಲೆ ತಿಂದ. ದಾರಿಯಲ್ಲಿ ಏನೂ ತಿಂದಿರಲಿಲ್ಲವೆಂದು ಕಾಣುತ್ತಿತ್ತು. ಅವನು ತಿನ್ನುವುದನ್ನೇ ನೋಡುತ್ತ ಅವಳು ಬಾಗಿಲ ಬಳಿ ನಿಂತಿದ್ದಳು. ಒಳಗಿನಿಂದ ಸೊಸೆ ಮುನಿರತ್ನಮ್ಮ ಯಾರು ಬಂದಿದ್ದಾರೆ ಎಂದು ಕೇಳಿದಳು. ಅವಳ ಮಡಿಲಲ್ಲಿ ಒಂದೂವರೆ ತಿಂಗಳ ಹೆಣ್ಣುಕೂಸು ಇತ್ತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.

ಆ ಮನೆಯಲ್ಲಿ ಯಾರೂ ಕಡಲನ್ನು ಕಂಡವರಲ್ಲ. ಆದರೆ ಇಪ್ಪತ್ತು ವರ್ಷದಿಂದ ಅದರ ಮೀನನ್ನೇ ಮಾರಿ ಬದುಕಿದ್ದರು. ಮದರಾಸಿನ ಬೆಳಗಿನ ಗಾಡಿಯಲ್ಲಿ ಐಸು, ಮರದ ಹೊಟ್ಟು ತುಂಬಿದ ಪೆಟ್ಟಿಗೆಗಳು ಅವರ ಊರಾದ ಬಂಗಾರಪೇಟೆಗೆ ಬಂದು ಇಳಿಯುತ್ತಿದ್ದವು. ಕೋದಂಡಪ್ಪ ತನ್ನ ಪಾಲನ್ನು ಮಂಕರಿಗೆ ತುಂಬಿಕೊಂಡು ಮಾರಿಕುಪ್ಪದ ಗಾಡಿ ಹತ್ತುವನು, ಊರಿಗಾಮಿನಲ್ಲಿ ಇಳಿದು ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳಾದ ಲೈನುಗಳಲ್ಲಿ ಕೂಗುತ್ತ ಸುತ್ತುವನು. ಲೈನಿನ ತಮಿಳು ಜನಕ್ಕೆ ಕೆರೆಯ ಮೀನು ಕೆಸರು ವಾಸನೆ. ಅವರಿಗೆ ಸಂಬಳದ ವಾರ ವಂಜರ ಬೇಕು, ಕೈ ಖಾಲಿಯಾದ ವಾರ ಬೆಳ್ಳಿಪಟ್ಟಿಯ ಹಾಗಿರುವ ವಾಳೆ ಬೇಕು. ಎರಡು ವರ್ಷದಿಂದ ಮಗನೇ ರಾಯಪುರದ ದಡಕ್ಕೆ ಹೋಗಿ, ದೋಣಿ ಬಂದು ತಾಗುವ ಜಾಗದಲ್ಲೇ ಆರಿಸಿ, ಗಾಡಿಗೆ ಹಾಕಿಸಿ ಬರುತ್ತಿದ್ದ. ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಇಲ್ಲಿ. ಬಂದಾಗಲೆಲ್ಲ ಕಡಲಿನ ಮಾತೇ. ಅಮ್ಮಾಜಮ್ಮ ಅದನ್ನು ಅರ್ಧಂಬರ್ಧ ಕೇಳುತ್ತಿದ್ದಳು. ಈಗ ನೆನೆಸಿಕೊಳ್ಳಲು ಹೋದರೆ ಒಂದು ಮಾತೂ ನೆನಪಿಗೆ ಬರುತ್ತಿರಲಿಲ್ಲ.

ದೇಹವಿಲ್ಲದೆ ತಿಥಿ ಮಾಡುವುದು ಹೇಗೆ ಎಂದು ಕೋದಂಡಪ್ಪನ ತಮ್ಮ ಚಿಕ್ಕಮುನಿಯಪ್ಪ ಬಂದು ಕೂತು ಚರ್ಚಿಸಿದ. ಕಾಯೋಣ ಎಂದರು ಕೆಲವರು. ಎಷ್ಟು ದಿನ ಎಂದು ಕೇಳಿದರು ಇನ್ನು ಕೆಲವರು. ಕೊನೆಗೆ ಹನ್ನೊಂದನೆಯ ದಿನ ಕೆರೆಯ ಹಿಂದಿನ ತೋಪಿನಲ್ಲಿ ಗುಂಡಿ ತೋಡಿ ಅಂಗಿಯನ್ನು ಹೂತರು. ಚಪ್ಪಲಿಯನ್ನು ಏನು ಮಾಡಬೇಕೆಂದು ಯಾರಿಗೂ ತೋಚದೆ ಅದನ್ನೂ ಜೊತೆಗೇ ಇಟ್ಟರು. ಮುನಿರತ್ನಮ್ಮನ ಬಳೆ ಒಡೆಯುವಾಗ ಕೂಸು ಬೆಚ್ಚಿ ಅತ್ತಿತು. ಅವಳು ಅಳಲಿಲ್ಲ. ಅಮ್ಮಾಜಮ್ಮನೂ ಅಳಲಿಲ್ಲ. ನೆರೆಯವರು ಅದನ್ನು ಗಮನಿಸಿದರು.

ಊಟಕ್ಕೆ ಕೂತಾಗ ಚಿಕ್ಕಮುನಿಯಪ್ಪ ಮೀನಿನ ವ್ಯಾಪಾರದ ಮಾತೆತ್ತಿದ. ಇನ್ನು ಮೇಲೆ ಅಣ್ಣನೊಬ್ಬನ ಕೈಯಲ್ಲಿ ಆಗುವುದಿಲ್ಲ, ರಾಯಪುರದ ಮುದುಕನನ್ನೇ ಕೇಳಿದರೆ ಮಾಲು ಕಳಿಸುತ್ತಾನೆ ಎಂದ. ಬಡಿಸುತ್ತಿದ್ದ ಅಮ್ಮಾಜಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಇನ್ ಮ್ಯಾಕೆ ಈ ಮನೆ ಒಸ್ಲು ದಾಟಿ ಕಡಲ್ ಮೀನು ಬರಕೂಡ್ದು," ಎಂದಳು. "ನನ್ ಮಗನ್ನ ತಿಂದಿರೋದನ್ನ ನಾನು ಬೇಯ್ಸಾಕಿಲ್ಲ. ಮಾರಿದ್ ದುಡ್ಡೂ ಬ್ಯಾಡ."

ದನಿ ಏರಿರಲಿಲ್ಲ. ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ ಹೇಳಿದ್ದಳು. ಪಂಕ್ತಿಯಲ್ಲಿ ಕೂತವರು ತಲೆ ಬಗ್ಗಿಸಿ ಉಂಡರು.

ಮೂರು ವಾರ ಕೋದಂಡಪ್ಪ ರೈಲುಕಟ್ಟೆಯ ಕಡೆ ಹೋಗಲಿಲ್ಲ. ಮಂಕರಿಯನ್ನು ಸ್ಟೇಷನ್ನಿನ ಹಿಂದೆ ಟೀ ಅಂಗಡಿ ಇಟ್ಟಿದ್ದ ಸೊಣ್ಣಪ್ಪನ ಕೊಟ್ಟಿಗೆಯಲ್ಲಿ ಇಟ್ಟ. ಕಡಲೆಕಾಯಿ ಗೋದಾಮಿನಲ್ಲಿ ಮೂಟೆ ಹೊರಲು ಹೋದ. ಎರಡನೆಯ ವಾರಕ್ಕೆ ಮಂಡಿ ಊದಿ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮನೆಯಲ್ಲಿ ದಿನಕ್ಕೆರಡು ಸಲ ಉರಿಯುತ್ತಿದ್ದ ಒಲೆ ಒಂದು ಸಲಕ್ಕೆ ಇಳಿಯಿತು. ಹುರುಳಿಯ ಕಟ್ಟಿನಲ್ಲೇ ಮಧ್ಯಾಹ್ನ, ಅದಕ್ಕೇ ನೀರು ಸೇರಿಸಿ ಸಂಜೆ. ಅಮ್ಮಾಜಮ್ಮ ಗುಡಿಸಿದಳು, ಸಾರಿಸಿದಳು, ನೀರು ತಂದಳು, ಒಮ್ಮೆ ತುಂಬಿದ ಹಂಡೆಗೇ ಮತ್ತೆ ನೀರು ಹೊಯ್ದು ಹೊರಗೆ ಹರಿಯುವವರೆಗೆ ನೋಡುತ್ತ ನಿಂತಳು. ಮಗಳು ಗಂಗರತ್ನಮ್ಮ ಬಂದು ಬಿಂದಿಗೆ ಕಿತ್ತುಕೊಂಡಳು.

ಒಂದು ಬೆಳಗ್ಗೆ ಕೋದಂಡಪ್ಪ ಹಳೆಯ ಪಂಚೆ ಉಟ್ಟು ಎದ್ದುಹೋದ. ಎಲ್ಲಿಗೆ ಎಂದು ಅಮ್ಮಾಜಮ್ಮ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಂಜೆ ಬಂದಾಗ ತಲೆ ಒದ್ದೆಯಾಗಿತ್ತು, ಮೈಯಿಂದ ಬೇರೆಯವರ ಮನೆಯ ಸೋಪಿನ ವಾಸನೆ ಬರುತ್ತಿತ್ತು. ಜಗಲಿಯ ಮೇಲೇ ಕೂತು, ತಟ್ಟೆಯನ್ನು ಅಲ್ಲಿಗೇ ಕೊಡು ಎಂದ. ಅವಳು ಕೊಟ್ಟಳು. ಅಂದಿನಿಂದ ಅವನ ಊಟ, ನಿದ್ದೆ ಎಲ್ಲ ಜಗಲಿಯಲ್ಲೇ ಆಯಿತು. ಒಳಗೆ ಮಡಕೆಯಲ್ಲಿ ರಾಗಿಹಿಟ್ಟು ಮತ್ತೆ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮುದ್ದೆ ಕಟ್ಟಿದಳು.

ಆದರೆ ಮಗಳ ವಿಷಯ ಗೊತ್ತಿರಲಿಲ್ಲ. ಹದಿನೇಳು ವರ್ಷದ ಗಂಗರತ್ನಮ್ಮ ಬೀಡಿ ಎಲೆ ತರಲು ಹೋಗುತ್ತೇನೆಂದು ಬೆಳಗ್ಗೆ ಹೊರಡುತ್ತಿದ್ದಳು. ಒಂದು ಭಾನುವಾರ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುವಾಗ ಅಮ್ಮಾಜಮ್ಮನ ಬೆರಳಿಗೆ ಏನೋ ಒರಟಾಗಿ ತಾಗಿತು. ಕಿವಿಯ ಹಿಂದೆ ಕೂದಲಿಗೆ ಅಂಟಿಕೊಂಡು ಒಣಗಿದ ಮೀನಿನ ಹುರುಪೆ. ಉಗುರಿನಷ್ಟು ಅಗಲ. ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳು.

"ಎಷ್ಟ್ ದಿನದಿಂದ ಓಗ್ತಾ ಇದೀಯ?"

"ಅಪ್ಪನ್ ಮಂಡಿ ನೋಡಿದೀಯ ನೀನು?" ಎಂದಳು ಗಂಗರತ್ನಮ್ಮ, ತಿರುಗದೆಯೇ. "ಮಂಕ್ರಿ ಓತ್ಕಂಡು ಊರಿಗಾಂ ದಿಬ್ಬ ಅತ್ತಾಕಾಯ್ತದಾ? ನಾನ್ ಓರ್ತೀನಿ, ಅಪ್ಪ ಮಾರ್ತೈತೆ."

"ಅಣ್ಣ ಸತ್ತು ಎರಡ್ ತಿಂಗ್ಳಾಗಿಲ್ಲ."

"ಅಣ್ಣ ಸತ್ತಿದ್ಕೇ ಓಗ್ತಾ ಇರೋದು. ಅವ್ನು ಇದ್ದಿದ್ರೆ ನಾನ್ಯಾಕೆ ಓಗ್ತಿದ್ದೆ?" ಹಣೆಗಿಳಿದ ಎಣ್ಣೆ ಒರೆಸಿಕೊಂಡು ಹೇಳಿದಳು, "ಮಾರಿದ್ ದುಡ್ಡು ಬ್ಯಾಡ ಅಂತೀಯ. ನೀನು ತಿನ್ನೋ ಇಟ್ಟು ಎಲ್ಲಿಂದ ಬರ್ತದಮ್ಮ?"

ಅಮ್ಮಾಜಮ್ಮ ಹುರುಪೆಯನ್ನು ಬಾಗಿಲಾಚೆ ಎಸೆದು ಬಂದಳು. ಬಾಚಣಿಗೆ ತೆಗೆದುಕೊಂಡು ಉಳಿದ ಅರ್ಧ ತಲೆಯನ್ನು ಬಾಚಿ ಜಡೆ ಹಾಕಿದಳು. ಆ ದಿನದಿಂದ ಮಗಳೂ ಸೊಣ್ಣಪ್ಪನ ಮನೆಯಲ್ಲೇ ಮಿಂದು, ಬಟ್ಟೆ ಬದಲಿಸಿ, ಮನೆಗೆ ಬರತೊಡಗಿದಳು. ಆದರೆ ಅವಳು ಜಗಲಿಯಲ್ಲಿ ಮಲಗುವಂತಿರಲಿಲ್ಲವಾದ್ದರಿಂದ ಅಮ್ಮಾಜಮ್ಮ ತನ್ನ ಚಾಪೆಯನ್ನು ಮೂಲೆಗೆ ಎಳೆದುಕೊಂಡಳು.

ಈ ನಡುವೆ ಮುನಿರತ್ನಮ್ಮನ ಹಾಲು ಬತ್ತುತ್ತಿತ್ತು. ಅದು ಯಾವ ದಿನ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಅವಳು ಹೇಳಿರಲಿಲ್ಲ. ಉಣ್ಣು ಎಂದರೆ ಕೂರುತ್ತಿದ್ದಳು, ತುತ್ತನ್ನು ಬಾಯಿಗಿಟ್ಟುಕೊಂಡು ನುಂಗುವುದನ್ನು ಮರೆಯುತ್ತಿದ್ದಳು. ಕೂಸು ಚೀಪಿ ಚೀಪಿ ಸಿಟ್ಟಿನಿಂದ ಅಳುತ್ತಿತ್ತು. ಆಮೇಲಾಮೇಲೆ ಅಳುವೂ ಸಣ್ಣದಾಯಿತು. ಅಳು ನಿಂತ ಮೇಲೆಯೇ ಅಮ್ಮಾಜಮ್ಮನಿಗೆ ಅದು ಕೇಳಿಸಿದ್ದು.

ಎತ್ತಿ ನೋಡಿದಳು. ಕೂಸಿನ ತೊಡೆಯ ಚರ್ಮ ಸುಕ್ಕುಗಟ್ಟಿತ್ತು.

ಬೆಳ್ಳುಳ್ಳಿ ಸುಟ್ಟು ತಿನ್ನಿಸಿದಳು. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿದಳು. ಮೆಂತ್ಯ ನೆನೆಸಿ ಕುಡಿಸಿದಳು. ಐದು ದಿನಕ್ಕೆ ಏನೂ ಆಗಲಿಲ್ಲ. ಪಕ್ಕದ ಹಟ್ಟಿಯಿಂದ ಹಸುವಿನ ಹಾಲು ತಂದು ನೀರು ಬೆರೆಸಿ ಬಟ್ಟೆಯ ಬತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಿದರು. ಕೂಸಿಗೆ ಭೇದಿ ಹತ್ತಿತು. ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟರು. ಒಂದು ಡಬ್ಬಿ ತಂದದ್ದಾಯಿತು. ಕುಡಿದದ್ದರಲ್ಲಿ ಅರ್ಧವನ್ನು ಕೂಸು ಕಕ್ಕುತ್ತಿತ್ತು, ಡಬ್ಬಿ ಒಂಬತ್ತೇ ದಿನಕ್ಕೆ ಮುಗಿಯಿತು. ತಾಯಿಗೆ ಗಟ್ಟಿ ಊಟ ಹಾಕಿ, ತಾಯಿಯದೇ ಹಾಲು ಬರಬೇಕು ಎಂದು ಡಾಕ್ಟರು ಎರಡನೆಯ ಸಲ ಹೋದಾಗ ಹೇಳಿದರು.

ಆಗ ಗಂಗರತ್ನಮ್ಮ ಊರಿಗಾಮಿನಿಂದ ಪಾಪಕ್ಕನನ್ನು ಕರೆತಂದಳು. ಪಾಪಕ್ಕ ಲೈನುಗಳಲ್ಲಿ ಹೆರಿಗೆ ಮಾಡಿಸುವವಳು, ಕೋದಂಡಪ್ಪನ ಹತ್ತಿರ ವರ್ಷಗಟ್ಟಲೆ ಮೀನು ಕೊಂಡವಳು. ಕೂಸಿನ ನೆತ್ತಿ ಮುಟ್ಟಿ ನೋಡಿದಳು. ಮುನಿರತ್ನಮ್ಮನ ಎದೆ ಮುಟ್ಟಿ ನೋಡಿದಳು. ಅಮ್ಮಾಜಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು.

"ನಮ್ ಲೈನಲ್ಲಿ ಬಾಣಂತೀರ್ಗೆ ಏನ್ ಕೊಡ್ತಾರೆ ಅಂತ ನಿಂಗೆ ಗೊತ್ತೈತೆ, ಅಮ್ಮಾಜಮ್ಮ. ನಿನ್ ಗಂಡಾನೇ ತಂದ್ಕೊಡ್ತಿದ್ದ."

ಅಮ್ಮಾಜಮ್ಮನಿಗೆ ಗೊತ್ತಿತ್ತು. ಸುರ. ತಮಿಳರು ಪಾಲ್‌ಸುರ ಎನ್ನುವ, ಶಾರ್ಕ್ ಜಾತಿಯ, ಮೊಳದುದ್ದದ, ಬೂದು ಬಣ್ಣದ ಮೀನು. ಮೈಯೆಲ್ಲ ಮರಳು ಸವರಿದ ಹಾಗೆ ಒರಟು, ಬಾಯಿ ತಲೆಯ ಕೆಳಗಡೆಗೆ. ಬೇಯಿಸಿ, ಪುಡಿ ಮಾಡಿ, ಹುರಿದು ಪುಟ್ಟು ಮಾಡಿ ಕೊಟ್ಟರೆ ಹಾಲಿಳಿಯುತ್ತದೆಂದು ಲೈನಿನ ಮುದುಕಿಯರೆಲ್ಲ ನಂಬಿದ್ದರು. ಮುನಿರತ್ನಮ್ಮ ಹೆತ್ತ ಹೊಸತರಲ್ಲಿ ಆದಿನಾರಾಯಣನೇ ಎರಡು ಸಲ ತಂದಿದ್ದ, ಅಮ್ಮಾಜಮ್ಮನೇ ಬೇಯಿಸಿದ್ದಳು.

"ಅದು ಮನುಸ್ರನ್ನ ತಿನ್ನೋ ಜಾತಿ," ಎಂದಳು.

"ಅದು ದೊಡ್ಡದು, ಬ್ಯಾರೆ."

"ಅದ್ರ ಮರಿ ತಾನೆ ಇದು?"

ಪಾಪಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, "ನಾನು ನೂರಾರು ಕೂಸು ನೋಡಿದೀನಿ, ಇದು ಇನ್ನೊಂದು ವಾರ ತಡೀತದೆ ಅಂತ ನಾನು ಏಳಾಕಿಲ್ಲ," ಎಂದು ಹೇಳಿ ಮಧ್ಯಾಹ್ನದ ಗಾಡಿಗೆ ಹೊರಟುಹೋದಳು.

ಸಂಜೆ ಜಗಲಿಯಲ್ಲಿ ತಂದೆ ಮಗಳ ನಡುವೆ ಮಾತು ನಡೆಯಿತು. ನಾಳೆಯ ಗಾಡಿಯಲ್ಲಿ ಸುರ ಬಂದರೆ ಒಂದನ್ನು ತೆಗೆದಿಡು, ಸೊಣ್ಣಪ್ಪನ ಮನೆಯಲ್ಲಿ ಬೇಯಿಸಿ ತರುತ್ತೇನೆ, ಕೋಳಿಯೆಂದು ಹೇಳೋಣ ಎಂದು ಮಗಳು ಹೇಳಿದಳು. ಕೋದಂಡಪ್ಪ ಮಂಡಿ ಸವರಿಕೊಂಡ. "ಅವ್ಳು ಏಳ್ದೆ ನಾನು ತರಾಕಿಲ್ಲ," ಎಂದ. ಕೂಸು ಸತ್ತರೆ ಎಂದು ಮಗಳು ಕೇಳಿದಳು. ಬಾಗಿಲ ಒಳಗೆ ಅಕ್ಕಿ ಕೇರುತ್ತಿದ್ದ ಅಮ್ಮಾಜಮ್ಮನಿಗೆ ಎಲ್ಲವೂ ಕೇಳಿಸಿತು. ಅವಳು ಮೊರ ಕೆಳಗಿಟ್ಟು ಸೊಸೆಯ ಬಳಿಗೆ ಹೋದಳು.

ಮುನಿರತ್ನಮ್ಮ ಗೋಡೆಗೊರಗಿ ಕೂತಿದ್ದಳು. ಕೂಸು ಅವಳ ಕಾಲ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿತ್ತು.

"ಸುರ ತಂದ್ರೆ ತಿಂತೀಯಾ?" ಎಂದು ಅಮ್ಮಾಜಮ್ಮ ಕೇಳಿದಳು.

ಮುನಿರತ್ನಮ್ಮ ಅವಳ ಮುಖ ನೋಡಿದಳು. ಆ ಎರಡು ತಿಂಗಳಲ್ಲಿ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

"ನೀವು ಕೊಟ್ರೆ ತಿಂತೀನಿ ಅತ್ತೆ."

"ವಾಕರಿಕೆ ಬರಾಕಿಲ್ವಾ?"

"ನಂಗೆ ಏನ್ ತಿಂದ್ರೂ ಒಂದೇ," ಎಂದಳು ಮುನಿರತ್ನಮ್ಮ. "ಮಣ್ಣು ಕೊಟ್ರೂ ತಿಂತೀನಿ."

ಮರುದಿನ ಬೆಳಗ್ಗೆ ಅಮ್ಮಾಜಮ್ಮ ಗಂಡನಿಗಿಂತ ಮುಂಚೆ ಎದ್ದು ಸೆರಗು ಹೊದ್ದು ಸ್ಟೇಷನ್ನಿಗೆ ನಡೆದಳು. ಕೋದಂಡಪ್ಪ, ಗಂಗರತ್ನಮ್ಮ ಹಿಂದೆ ಹಿಂದೆ ಬಂದರು. ಗಾಡಿ ಬಂತು, ಪೆಟ್ಟಿಗೆಗಳು ಇಳಿದವು. ಸೊಣ್ಣಪ್ಪ ಹಾರೆಯಿಂದ ಮುಚ್ಚಳ ಎಬ್ಬಿಸಿದ. ಒದ್ದೆ ಹೊಟ್ಟನ್ನು ಕೈಯಿಂದ ಸರಿಸಿದಾಗ ಕೆಳಗೆ ಮೀನುಗಳು ಸಾಲಾಗಿ ಮಲಗಿದ್ದವು. ಕೆಂಪು ಸಂಕರ, ಹೊಳೆಯುವ ವಾಳೆ, ಬೆನ್ನು ನೀಲಿಯಾದ ವಂಜರ. ಎಲ್ಲದರ ಕಣ್ಣುಗಳೂ ತೆರೆದಿದ್ದವು. ಪರಿಚಿತ ವಾಸನೆ ಮೂಗಿಗೆ ಬಡಿಯಿತು. ಮಗನ ಅಂಗಿಯಲ್ಲಿ ಯಾವಾಗಲೂ ಇದ್ದ ವಾಸನೆ ಅದು. ಅವಳು ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬೆರಳುಗಳು ಮಾತ್ರ ಐಸಿಗೆ ಮರಗಟ್ಟಿದವು.

ಮೂರನೆಯ ಪೆಟ್ಟಿಗೆಯ ತಳದಲ್ಲಿ ಸುರ ಇತ್ತು. ಅವಳೇ ಕೈ ಹಾಕಿ ಒಂದನ್ನು ತೆಗೆದು ತಾಳೆಗರಿಯಲ್ಲಿ ಸುತ್ತಿಕೊಂಡಳು.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಈಳಿಗೆ ಇಟ್ಟುಕೊಂಡು ಕೂತಳು. ನಾನು ಕೊಯ್ಯುತ್ತೇನೆ, ನೀನು ಹೋಗು ಎಂದು ಗಂಗರತ್ನಮ್ಮ ಹೇಳಿದಳು. ಅಮ್ಮಾಜಮ್ಮ ಕೇಳಿಸಿಕೊಳ್ಳಲಿಲ್ಲ. ಜಾರದ ಹಾಗೆ ಕೈಗೆ ಬೂದಿ ಹಚ್ಚಿಕೊಂಡು, ಮೀನನ್ನು ಮಗುಚಿ, ಹೊಟ್ಟೆಯನ್ನು ಉದ್ದಕ್ಕೆ ಸೀಳಿದಳು. ಕರುಳನ್ನು ಎಸೆಯಲಿಲ್ಲ. ಕಲ್ಲಿನ ಮೇಲೆ ಹರಡಿ, ಜಠರದ ಚೀಲವನ್ನು ಬೇರೆ ಮಾಡಿ, ಅದನ್ನೂ ಸೀಳಿದಳು. ತಾಯಿ ಏನು ಮಾಡುತ್ತಿದ್ದಾಳೆಂದು ತಿಳಿಯದೆ ನೋಡುತ್ತಿದ್ದ ಮಗಳು, ತಿಳಿದ ಕೂಡಲೇ ಮುಖ ತಿರುಗಿಸಿ ನಿಂತಳು.

ಚೀಲದೊಳಗೆ ಬೆರಳುದ್ದದ ಮೂರು ನೆತ್ತಿಲಿ ಮೀನುಗಳಿದ್ದವು. ಎರಡು ಅರ್ಧ ಕರಗಿದ್ದವು, ಒಂದು ಹಾಗೇ ಇತ್ತು. ಅಮ್ಮಾಜಮ್ಮ ಅವನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ ನೋಡಿದಳು. ಮತ್ತೇನೂ ಇರಲಿಲ್ಲ. ಇನ್ನೊಂದು ಸಲ ನೋಡಿದಳು. ಆಮೇಲೆ ಎಲ್ಲವನ್ನೂ ಬಳಿದು ತಿಪ್ಪೆಗೆ ಹಾಕಿ, ಕಲ್ಲಿಗೆ ನೀರು ಹೊಯ್ದಳು.

ಮೂರು ಕಲ್ಲಿಟ್ಟು ಇಲ್ಲೇ ಒಲೆ ಹೂಡಲಾ, ಒಳಗೆ ಬೇಡ ಅಂದಿದ್ದೆಯಲ್ಲ ಎಂದು ಗಂಗರತ್ನಮ್ಮ ಕೇಳಿದಳು.

"ಬಾಣಂತಿ ಊಟಾನ ಬೀದೀಲಿ ಬೇಯ್ಸಾಕಾಯ್ತದಾ?" ಎಂದು ಅಮ್ಮಾಜಮ್ಮ ಪಾತ್ರೆ ಎತ್ತಿಕೊಂಡು ಹೊಸಿಲು ದಾಟಿ ಒಳಗೆ ಹೋದಳು.

ತುಂಡುಗಳನ್ನು ಅರಿಸಿನ ಹಾಕಿ ಕುದಿಸಿದಳು. ಬೆಂದ ಮೇಲೆ ಮರಳಿನಂಥ ತೊಗಲನ್ನು ಉಜ್ಜಿ ತೆಗೆದಳು. ಮೂಳೆ ಬಿಡಿಸಿ, ಮಾಂಸವನ್ನು ಹಿಂಡಿ, ಬೆರಳಲ್ಲಿ ಪುಡಿ ಮಾಡಿದಳು. ಸಾಸಿವೆ ಸಿಡಿಸಿ, ಈರುಳ್ಳಿ, ಎರಡು ಹಿಡಿ ಬೆಳ್ಳುಳ್ಳಿ, ಮೆಣಸು ಹಾಕಿ ಹುರಿದಳು. ಉಪ್ಪು ನೋಡಬೇಕಿತ್ತು. ಬಾಯಿಗಿಡದೆ ಮಗಳನ್ನು ಕರೆದು ನೋಡಿಸಿದಳು. ಆಮೇಲೆ ಬಿಸಿ ಅನ್ನದ ಮೇಲೆ ಹಾಕಿ, ಸೊಸೆಯ ಮುಂದೆ ಕೂತು, ತಾನೇ ತುತ್ತು ಮಾಡಿ ಕೊಟ್ಟಳು. ಮುನಿರತ್ನಮ್ಮ ಅಗಿದಳು. ಅಗಿಯುವುದನ್ನು ನಿಲ್ಲಿಸಿದಾಗಲೆಲ್ಲ "ನುಂಗು" ಎಂದಳು ಅಮ್ಮಾಜಮ್ಮ. ಮುನಿರತ್ನಮ್ಮ ನುಂಗಿದಳು. ತಟ್ಟೆ ಬರಿದಾಗುವ ಹೊತ್ತಿಗೆ ಇಬ್ಬರೂ ಕೂಲಿ ಮಾಡಿ ಬಂದವರ ಹಾಗೆ ಬೆವತಿದ್ದರು.

ಎರಡನೆಯ ದಿನವೂ ಅದೇ. ಮೂರನೆಯ ದಿನವೂ ಅದೇ. ಅಮ್ಮಾಜಮ್ಮ ಮಾತ್ರ ತನ್ನ ತಟ್ಟೆಗೆ ಹುರುಳಿಸಾರನ್ನೇ ಹಾಕಿಕೊಂಡಳು, ಬೇರೆ ಪಾತ್ರೆಯಲ್ಲಿ ಮಾಡಿದ್ದು. ಮೂರನೆಯ ದಿನ ಸಂಜೆ ಜಗಲಿಗೆ ಹೋಗಿ, ಒಳಗೆ ಬಂದು ಉಣ್ಣು ಎಂದು ಕೋದಂಡಪ್ಪನಿಗೆ ಹೇಳಿದಳು. ಅವನು ತಟ್ಟೆ ಹಿಡಿದು ಒಳಗೆ ಬಂದ.

ಐದನೆಯ ದಿನ ಬೆಳಗ್ಗೆ ಅವಳು ಸಗಣಿ ತಟ್ಟುತ್ತಿದ್ದಾಗ ಮುನಿರತ್ನಮ್ಮ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ರವಿಕೆ ನೆಂದೈತೆ," ಎಂದಳು. ಸಂತೋಷವೂ ಇಲ್ಲ, ಗಾಬರಿಯೂ ಇಲ್ಲ, ಸೂರು ಸೋರುತ್ತಿದೆ ಎನ್ನುವ ಹಾಗೆ.

ಅಮ್ಮಾಜಮ್ಮ ಕೈ ತೊಳೆದುಕೊಂಡು ಬಂದು ಒಣಗಿದ ಬಟ್ಟೆ ಕೊಟ್ಟಳು. ಕೂಸನ್ನು ಎತ್ತಿ ಸೊಸೆಯ ಎದೆಗೆ ಹಿಡಿದಳು. ಅದು ಮೊದಲು ನಂಬದ ಹಾಗೆ ಬಾಯಿ ಬಿಟ್ಟಿತು, ಹಿಡಿಯಿತು, ನುಂಗಿತು. ನುಂಗುವ ಸದ್ದು ಕೋಣೆಯ ಆ ಕೊನೆಗೂ ಕೇಳುತ್ತಿತ್ತು. ಕೆಮ್ಮಿ, ಬಿಟ್ಟು, ಮತ್ತೆ ಹಿಡಿಯಿತು. ಮುನಿರತ್ನಮ್ಮ ಕೂಸಿನ ತಲೆಯ ಹಿಂದೆ ಕೈ ಇಟ್ಟಳು. ಅದನ್ನು ಅವಳು ತಾನಾಗಿಯೇ ಮಾಡಿದ್ದಳು, ಯಾರೂ ಹೇಳಿರಲಿಲ್ಲ.

ಸ್ಟೇಷನ್ನಿಗೆ ಹೊರಟಿದ್ದ ಕೋದಂಡಪ್ಪ ಬಾಗಿಲಲ್ಲಿ ನಿಂತು ನೋಡಿದ. ಇನ್ನೊಂದು ವಾರ ಬಿಡದೆ ಕೊಡಬೇಕೆಂದು ಪಾಪಕ್ಕ ಹೇಳಿಕಳಿಸಿದ್ದಾಳೆ ಎಂದ. ಆಮೇಲೆ ವ್ಯಾಪಾರದ ಮಾತಿನ ಹಾಗೆಯೇ ಹೇಳಿದ.

"ಇವತ್ತು ದೊಡ್ ಸುರ ಬತ್ತೈತಂತೆ, ಆಳುದ್ದದ್ದು. ಅದ್ರಲ್ಲೇ ಒಂದ್ ತುಂಡು ತತ್ತೀನಿ. ಎರಡ್ ದಿನಕ್ಕಾಯ್ತದೆ."

ಅಮ್ಮಾಜಮ್ಮ ಕೂಸಿನ ಕೆನ್ನೆಯ ಮೇಲೆ ಹರಿದ ಹಾಲನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೈ ನಿಂತಿತು.

"ದೊಡ್ಡದು ಬ್ಯಾಡ," ಎಂದಳು. "ಸಣ್ಣದೇ ತಾ."

ಕೋದಂಡಪ್ಪ ಹೊಸಿಲ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ.

"ಸಣ್ಣದೇ ತತ್ತೀನಿ," ಎಂದು ಹೇಳಿ, ಮಂಡಿಯನ್ನು ಕೈಯಲ್ಲಿ ಒತ್ತಿ ಹಿಡಿದು, ಮೆಟ್ಟಿಲು ಇಳಿದು ಹೋದ.